ಅಂಚೆಪೆಟ್ಟಿಗೆಗೆ ನೂರು ಹೆಜ್ಜೆ

ಕುರ್ಚಿಯಿಂದ ಎದ್ದು ಕೂರುವ ವ್ಯಾಯಾಮವನ್ನು ಯಾರಾದರೂ ಮಾಡಿ ತೋರಿಸಿ ಎಂದು ತರಗತಿ ನಡೆಸುವ ಮರೀಸಾ ಕೇಳಿದಾಗ, ಚರ್ಚಿನ ನೆಲಮಾಳಿಗೆಯಲ್ಲಿ ಕುರ್ಚಿ ಜೋಡಿಸುವ ಕೆಲಸದವನಾದ ನಾನು ಎದೆಯುಬ್ಬಿಸಿ ಮುಂದೆ ಹೋದೆ. ಆರು ಸಲ ಎದ್ದೆ. ಏಳನೆಯ ಸಲಕ್ಕೆ ಪ್ಯಾಂಟಿನ ಹಿಂಬದಿಯ ಹೊಲಿಗೆ ಬಿಟ್ಟುಕೊಂಡಿತು. ಎದುರಿಗೆ ಹನ್ನೊಂದು ಹೆಂಗಸರು. ಸ್ತನ ಕ್ಯಾನ್ಸರಿನ ಚಿಕಿತ್ಸೆ ಮುಗಿದರೂ ಬಿಡದ ಆಯಾಸಕ್ಕೆಂದು ವ್ಯಾಯಾಮ ಕಲಿಯಲು ಬಂದವರು. ನಮ್ಮ ಉತ್ತರ ಮಿನೆಸೋಟದವರು ಇಂಥ ಹೊತ್ತಿನಲ್ಲಿ ನಗುವುದಿಲ್ಲ. ಹತ್ತು ಮಂದಿ ಸೂರು ನೋಡಿದರು.

"ಸೆಕೆ ಅಂತಿದ್ದೆಯಲ್ಲ ಲೈಲ್, ಈಗ ಗಾಳಿ ಬಂತಾ?" ಎಂದವರು ಹನ್ನೊಂದನೆಯವರು, ವರ್ನಾ ಹೌಟಲಾ.

ವರ್ನಾಗೆ ಅರವತ್ತೇಳು. ಇಪ್ಪತ್ತಾರು ವರ್ಷ ರಸ್ತೆಯ ಹಿಮ ತಳ್ಳುವ ಲಾರಿ ಓಡಿಸಿದವರು. ಗಂಡ ಟೊಯಿವೊ ತೀರಿಹೋಗಿ ಆರು ವರ್ಷ. ಮನೆ ಊರಿಂದ ಹನ್ನೆರಡು ಮೈಲಿ. ಮನೆಯಲ್ಲಿ ಮಾತಾಡುವುದು ರೇಡಿಯೊ ಒಂದೇ, ಅದೂ ಬರೀ ಹವಾಮಾನ. ಮಂಗಳವಾರದ ಈ ತರಗತಿ ಬಿಟ್ಟರೆ ಅವರನ್ನು ಹೆಸರು ಹಿಡಿದು ಕರೆಯುವವರಿರಲಿಲ್ಲ.

ಮರೀಸಾ ದೂರದ ಅರಿಜೋನದಿಂದ ಬಂದ ಹುಡುಗಿ. ಪ್ರತಿ ವಾರ ಒಬ್ಬೊಬ್ಬರನ್ನೂ ಕೇಳುತ್ತಿದ್ದಳು: "ಆಯಾಸ ಸೊನ್ನೆಯಿಂದ ಹತ್ತರೊಳಗೆ ಎಷ್ಟು?" ವರ್ನಾರ ಉತ್ತರ ಬದಲಾಗುತ್ತಿರಲಿಲ್ಲ. "ಪರವಾಗಿಲ್ಲ. ಮೂರು." ನಮ್ಮ ಕಡೆ ಕಾಲು ಮುರಿದುಕೊಂಡವರೂ ಪರವಾಗಿಲ್ಲ ಎನ್ನುತ್ತಾರೆ. ಪಾಪ, ಮರೀಸಾಗೆ ಹೇಗೆ ಗೊತ್ತಾಗಬೇಕು? ಮೂರು ಎಂದು ಬರೆದುಕೊಂಡಳು. ಹನ್ನೆರಡು ವಾರ ಕಳೆದ ಮೇಲೆ ಮೂರು ಅಥವಾ ಕಡಿಮೆ ಇದ್ದವರಿಗೆ ಪ್ರಮಾಣಪತ್ರ ಕೊಟ್ಟು ಬೀಳ್ಕೊಡುಗೆ. ಹೆಚ್ಚಿದ್ದವರಿಗೆ ಇನ್ನೊಂದು ಸುತ್ತು ತರಗತಿ.

ಹನ್ನೊಂದನೆಯ ವಾರ ವರ್ನಾ ಕೈಗವಸು ಮರೆತು ಹೋದರು. ಕೊಟ್ಟು ಬರಲು ಹೋದೆ. ಮನೆಬಾಗಿಲಿಂದ ರಸ್ತೆಬದಿಯ ಅಂಚೆಪೆಟ್ಟಿಗೆಗೆ ನೂರು ಹೆಜ್ಜೆ. ನಡುವೆ, ಹಿಮದಲ್ಲಿ, ಬೋರಲು ಹಾಕಿದ ಒಂದು ಬಕೆಟ್.

"ಇದ್ಯಾಕೆ ಇಲ್ಲಿದೆ?"

"ಕೂರೋಕೆ."

"ಇಷ್ಟು ದೂರಕ್ಕಾ?"

"ಮೊದಲು ಎರಡಿದ್ವು. ಮರೀಸಾ ಪುಣ್ಯ, ಒಂದು ತೆಗೆದೆ."

ಒಳಗೆ ಕಾಫಿ ಕೊಟ್ಟರು. ಸಿಂಕಿನ ಪಕ್ಕ ಒಂದೇ ಒಂದು ಕಪ್ ಆರಲು ಇಟ್ಟಿತ್ತು. ನನಗಾಗಿ ಎರಡನೆಯದನ್ನು ಮೇಲಿನ ಕಪಾಟಿನಿಂದ ಹುಡುಕಿ ತೆಗೆದು, ಒಳಗಿನ ದೂಳು ಊದಿ, ತೊಳೆದರು.

"ಮತ್ತೆ ಮೂರು ಅಂತ ಯಾಕೆ ಹೇಳ್ತೀರಿ? ಮುಂದಿನ ವಾರ ಕಳಿಸಿಬಿಡ್ತಾರೆ ನಿಮ್ಮನ್ನ."

"ನಾಲ್ಕು ಅಂದ್ರೆ ಗೋಳಾಡಿದ ಹಾಗಾಗುತ್ತೆ ಕಣೋ."

ಆಮೇಲೆ ಅರ್ಧ ಗಂಟೆ ಇಬ್ಬರೂ ಹಿಮದ ವಿಷಯವೇ ಮಾತಾಡಿದೆವು. ನಾನೂ ಈ ಕಡೆಯವನೇ ತಾನೆ. ಹೊರಟಾಗ ಅವರು ಬಾಗಿಲಲ್ಲಿ ನಿಂತರು. ನಾನು ತಿರುವು ದಾಟುವವರೆಗೂ ನಿಂತೇ ಇದ್ದರು.

ಕೊನೆಯ ಮಂಗಳವಾರ ವರ್ನಾರ ಹೆಸರು ಬರೆದ ಪ್ರಮಾಣಪತ್ರ ಮೇಜಿನ ಮೇಲೆ ಸಿದ್ಧವಾಗಿತ್ತು. ನಾನು ಜೋಡಿಸಿದ್ದ ಕುರ್ಚಿಗಳನ್ನೇ ಮತ್ತೆ ಜೋಡಿಸುತ್ತ ಅಲ್ಲೇ ಸುಳಿದಾಡಿದೆ.

"ವರ್ನಾ, ಇದೇ ಕೊನೇ ಸಲ ಕೇಳೋದು," ಎಂದಳು ಮರೀಸಾ. "ಆಯಾಸ ಎಷ್ಟು?"

ವರ್ನಾ ಪ್ರಮಾಣಪತ್ರ ನೋಡಿದರು. ಕೋಟು ತೊಡುತ್ತಿದ್ದ ಹೆಂಗಸರನ್ನು ನೋಡಿದರು.

"ದೂರು ಹೇಳೋ ಅಂಥದ್ದೇನಿಲ್ಲ," ಎಂದರು. "ಒಂಬತ್ತು."