ಹ್ಯಾಂಡ್‌ಬ್ರೇಕಿನ ಕೆಂಪು ದೀಪ

ನನ್ನ ಅಣ್ಣ ಒಂದು ಮಧ್ಯಾಹ್ನ ಉಂಡು ಮಲಗಿದವನು ಏಳಲಿಲ್ಲ. ಅವನಿಗಾಗ ನಲವತ್ತೊಂದು. ಅದೇ ಬೆಳಿಗ್ಗೆ ಕೂಡ ಹೊನ್ನಾವರದ ಪಕ್ಕದ ನಮ್ಮ ಕಾಸರಕೋಡದಿಂದ ಭಟ್ಕಳದ ಮಾರ್ಕೆಟ್ಟಿಗೆ ತನ್ನ ಪಿಕಪ್‌ನಲ್ಲಿ ಮೀನು ಮುಟ್ಟಿಸಿ ಬಂದಿದ್ದ. ಎರಡು ಸಾವಿರದ ಐದೋ ಆರೋ ಇಸವಿ ಅದು.

ನಾನು ಐಸ್ ಪ್ಲಾಂಟಿನಲ್ಲಿ ಕೆಲಸಕ್ಕಿದ್ದೆ. ಗಾಡಿ ಹೊಡೆಯಲು ಕಲಿತದ್ದು, ಲೈಸೆನ್ಸು ಮಾಡಿಸಿದ್ದು ಎಲ್ಲ ಅಣ್ಣನ ಒತ್ತಾಯಕ್ಕೆ. ಅಣ್ಣನ ಉತ್ತರಕ್ರಿಯೆಯೆಲ್ಲ ಮುಗಿದ ಮೇಲೆ ಒಂದು ಬೆಳಿಗ್ಗೆ ಅತ್ತಿಗೆ ಕೀಲಿಕೈ ಹಿಡಿದುಕೊಂಡು ನಮ್ಮ ಬಾಗಿಲಿಗೆ ಬಂದಳು.

"ತಮ್ಮಾ, ಗಾಡಿ ನಿಲ್ಸಿ ಇಟ್ರೆ ಹಾಳಾಗ್ತದೆ. ನೀ ಹೊಡಿ. ನಾ ಮೊದ್ಲಿನ ಹಾಗೇ ಮಾರ್ಕೆಟ್ಟಲ್ಲಿ ಕೂತ್ಕಣ್ತೆ."

"ಆತು" ಅಂದೆ. ಆ ದಿನಗಳಲ್ಲಿ ಯಾರು ಏನು ಕೇಳಿದರೂ ನಾನು ಆತು ಅನ್ನುತ್ತಿದ್ದೆ. ಐಸ್ ಪ್ಲಾಂಟಿನಲ್ಲಿ ದೊಡ್ಡ ಗಡ್ಡೆಗಳನ್ನು ಎತ್ತಿ ಎತ್ತಿ ಬೆರಳು ಮರಗಟ್ಟಿದಾಗ, ಕೊಯ್ದುಕೊಂಡರೂ ಗೊತ್ತಾಗುವುದಿಲ್ಲ. ರಕ್ತ ಕಂಡ ಮೇಲಷ್ಟೇ ಗೊತ್ತಾಗುವುದು. ನಾನು ಪೂರ್ತಿ ಹಾಗಾಗಿದ್ದೆ. ಅಣ್ಣನಿಗೆ ಬೆಂಕಿ ಇಟ್ಟಾಗಲೂ ನನಗೆ ಅಳು ಬಂದಿರಲಿಲ್ಲ.

ದಿನಾ ಬೆಳಿಗ್ಗೆ ಬಂದರಿನಲ್ಲಿ ಮೀನಿನ ಪೆಟ್ಟಿಗೆ ತುಂಬಿಕೊಂಡು ಹೊರಡುವುದು. ಅತ್ತಿಗೆ ನನ್ನ ಎಡಕ್ಕೆ ಕೂರುತ್ತಿದ್ದಳು. ಮಾರ್ಕೆಟ್ಟಿನಲ್ಲಿ ಎತ್ತರದ ದನಿಯಲ್ಲಿ ಗಿರಾಕಿ ಕೂಗುವ ಹೆಂಗಸು, ಗಾಡಿಯೊಳಗೆ ಬಾಯಿ ಬಿಡುತ್ತಿರಲಿಲ್ಲ. ಕಿಟಕಿಯಾಚೆ ನೋಡುತ್ತ ಕೂತರೆ ಭಟ್ಕಳ ಬಂದ ಮೇಲೇ ತಿರುಗುವುದು.

ಮೂರನೆಯ ವಾರದಲ್ಲಿರಬೇಕು, ಸ್ಟಿಯರಿಂಗಿನ ಹಿಂದೆ ಮೀಟರುಗಳ ಸಾಲಿನಲ್ಲಿ ಹ್ಯಾಂಡ್‌ಬ್ರೇಕಿನ ಕೆಂಪು ದೀಪ ಹತ್ತತೊಡಗಿತು. ಹ್ಯಾಂಡ್‌ಬ್ರೇಕ್ ಎಳೆದಿಟ್ಟಾಗ ಮಾತ್ರ ಹತ್ತಬೇಕಾದದ್ದು ಅದು. ಲಿವರು ಪೂರ್ತಿ ಕೆಳಗಿದ್ದರೂ, ಇಳಿಜಾರಿನಲ್ಲಿ ಒಮ್ಮೆ ಹತ್ತಿ ಆರುತ್ತಿತ್ತು. ಆಮೇಲೆ ತಿರುವಿನಲ್ಲೂ ಹತ್ತಿತು. ನಾಲ್ಕೈದು ದಿನಕ್ಕೆ ಆರುವುದನ್ನೇ ಬಿಟ್ಟಿತು.

ಹೊನ್ನಾವರದ ಒಬ್ಬ ಮೆಕ್ಯಾನಿಕ್ ಹತ್ತಿರ ನಿಲ್ಲಿಸಿದೆ. ಅವನು ಲಿವರನ್ನು ಎರಡು ಸಲ ಎಳೆದು ಬಿಟ್ಟು, ಗಾಡಿಯಡಿ ತೂರಿ ಕೇಬಲ್ಲು ಸರಿಮಾಡಿ, ಲಿವರಿನ ಬುಡದಲ್ಲಿದ್ದ ಸಣ್ಣ ಸ್ವಿಚ್ಚನ್ನು ಒರೆಸಿದ. "ಉಪ್ಪುನೀರಿನ ಗಾಡಿ ಅಲ್ದಾ, ಸ್ವಿಚ್ಚು ಹಿಡ್ಕಂಡದೆ" ಅಂದ. ದೀಪ ಆರಿತು. ಶರಾವತಿ ಸೇತುವೆ ದಾಟುವಾಗ ಮತ್ತೆ ಹತ್ತಿತು. ನಾನು ಹಿಂದೆ ತಿರುಗಿಸಲಿಲ್ಲ.

ಅದೇ ವಾರ ಒಣಮೀನು ಹಾಕಿಕೊಂಡು ಕುಮಟೆಯ ಸಂತೆಗೆ ಹೋಗಿದ್ದೆ. ಅತ್ತಿಗೆ ಅವತ್ತು ಬಂದಿರಲಿಲ್ಲ. ಸಂತೆ ಹತ್ತಿರವೇ ಗಾಡಿಗಳ ವೈರಿಂಗ್ ಮಾಡುವವನೊಬ್ಬನಿದ್ದ, ವಯಸ್ಸಾದವನು. ಅವನು ಸ್ವಿಚ್ಚಿನ ವೈರನ್ನೇ ಬಿಚ್ಚಿ ಕೈಯಲ್ಲಿ ಹಿಡಿದು ಮೀಟರಿನ ಕಡೆ ಬಗ್ಗಿ ನೋಡಿದ. ದೀಪ ಹಾಗೇ ಉರಿಯುತ್ತಿತ್ತು.

"ನೋಡು, ವೈರು ತೆಗೆದ್ರೂ ಉರೀತದೆ. ಅಂದ್ರೆ ಇದು ಹ್ಯಾಂಡ್‌ಬ್ರೇಕಿನ ತಕರಾರಲ್ಲ. ಬೇರೆ ಎಲ್ಲಿಂದಲೋ ಬತ್ತದೆ. ಬ್ರೇಕ್ ಕೆಲ್ಸ ಗೊತ್ತಿದ್ದವ್ರಿಗೆ ತೋರ್ಸು" ಅಂದ.

"ಬಲ್ಬ್ ತೆಗೂಕೆ ಆಗ್ತದಾ?" ನಾನು ಕೇಳಿದೆ.

ಅವನು ನನ್ನ ಮುಖ ನೋಡಿದ. "ತೆಗೂಕೆ ಎಂತ, ತೆಗೀಬಹುದು. ಆದ್ರೆ ಎಂತಕ್ಕೆ?"

"ಕಣ್ಣಿಗೆ ಹೊಡೀತದೆ. ತೆಗ್ದ್‌ಬಿಡಿ."

ಬೇಡವೆಂದು ಅವನು ಇನ್ನೊಂದು ಸಲ ಹೇಳಿದ. ಕೊನೆಗೆ ಮೀಟರಿನ ಹಿಂದೆ ಕೈ ಹಾಕಿ, ಮೆಣಸಿನಕಾಳಿನಷ್ಟಿದ್ದ ಬಲ್ಬನ್ನು ತೆಗೆದು ನನ್ನ ಅಂಗೈ ಮೇಲಿಟ್ಟ. ಮೀಟರುಗಳ ನಡುವೆ ಆ ಜಾಗ ಕಪ್ಪಾಯಿತು. ಸಮಾಧಾನ ಆಯಿತೆಂದು ಹೇಳಿದರೆ ಸುಳ್ಳಾಗುತ್ತದೆ. ಏನೂ ಆಗಲಿಲ್ಲ. ಬಲ್ಬನ್ನು ಅಂಗಿ ಜೇಬಿಗೆ ಹಾಕಿ ಮನೆಗೆ ಬಂದೆ.

ಹಾಗೇ ಹತ್ತು ಹನ್ನೊಂದು ದಿನ ಓಡಿಸಿದೆ. ಬ್ರೇಕಿನ ಪೆಡಲು ದಿನದಿಂದ ದಿನಕ್ಕೆ ಮೆತ್ತಗಾಗುತ್ತಿತ್ತು. ಕಾಲಿಗೆ ಅದು ಗೊತ್ತಾಗುತ್ತಿತ್ತು, ಮನಸ್ಸಿಗೆ ಮುಟ್ಟುತ್ತಿರಲಿಲ್ಲ.

ದಾರಿಯಲ್ಲಿ ಮಂಕಿ ಅನ್ನುವ ಊರು ದಾಟಿದ ಮೇಲೆ ಒಂದು ಇಳಿಜಾರಿದೆ. ಅದರ ಬುಡದಲ್ಲಿ ಅವತ್ತು ಬಸ್ಸೊಂದು ನಿಂತು ಜನರನ್ನು ಇಳಿಸುತ್ತಿತ್ತು. ಬ್ರೇಕ್ ಒತ್ತಿದೆ. ಪೆಡಲು ಏನೂ ತಡೆಯಿಲ್ಲದೆ ಕೆಳಗೆ ಹೋಗಿ ತಗಡಿಗೆ ತಾಗಿತು. ಇನ್ನೊಮ್ಮೆ ಒತ್ತಿದೆ. ಗಾಡಿ ಒಂದಿಷ್ಟು ಬಿಗಿದು ಮತ್ತೆ ಓಡಿತು. ಗೇರು ಇಳಿಸಿದೆ, ಎಂಜಿನ್ನು ಕಿರುಚಿತು. ಹ್ಯಾಂಡ್‌ಬ್ರೇಕನ್ನು ಸೊಂಟದವರೆಗೆ ಎಳೆದೆ. ಬಸ್ಸಿನ ಹಿಂದೆ ಹೆಂಗಸೊಬ್ಬಳು ಬುಟ್ಟಿ ತಲೆಗೇರಿಸಿಕೊಳ್ಳುತ್ತಿದ್ದಳು. ಸ್ಟಿಯರಿಂಗನ್ನು ಎಡಕ್ಕೆ ತಿರುಗಿಸಿದೆ. ಗಾಡಿ ರಸ್ತೆ ಪಕ್ಕದಲ್ಲಿ ಎದ್ದಿದ್ದ ಕೆಂಪು ಮಣ್ಣಿನ ದರೆಗೆ ಉಜ್ಜಿಕೊಂಡು ಹೋಗಿ ನಿಂತಿತು. ಹಿಂದಿನ ಪೆಟ್ಟಿಗೆಗಳೆಲ್ಲ ಒಮ್ಮೆಲೇ ಮುಂದಕ್ಕೆ ಬಂದು ಕ್ಯಾಬಿನ್ನಿಗೆ ಬಡಿದವು.

ನಾನು ಇಳಿದೆ. ಎರಡು ಪೆಟ್ಟಿಗೆ ರಸ್ತೆಗೆ ಉರುಳಿ ಐಸಿನ ಜೊತೆ ಬಂಗಡೆ ಚೆಲ್ಲಿತ್ತು. ಕೂತು ಒಂದೊಂದೇ ಮೀನನ್ನು ಎತ್ತಿ, ಮಣ್ಣು ಒರೆಸಿ ಪೆಟ್ಟಿಗೆಗೆ ಹಾಕತೊಡಗಿದೆ. ಬಸ್ಸಿನಿಂದ ಇಳಿದವರು ಸುತ್ತ ನಿಂತು ಏನೇನೋ ಕೇಳುತ್ತಿದ್ದರು.

ಅತ್ತಿಗೆ ನನ್ನ ಕಡೆಯ ಬಾಗಿಲಿನಿಂದ ನಿಧಾನ ಇಳಿದು ಬಂದಳು. ಹಣೆಯ ಮೇಲೆ ಸಣ್ಣದೊಂದು ಗುಬುಟು ಎದ್ದಿತ್ತು. ನನ್ನೆದುರು ನಿಂತು ಕೇಳಿದಳು, "ತಮ್ಮಾ, ನಿಂಗೆ ಹೆದ್ರಿಕೆ ಆಗ್ಲಿಲ್ವಾ?"

"ಇಲ್ಲ."

"ನಂಗೆ ಆತು" ಅಂದಳು. ತನಗೇ ಅದು ಆಶ್ಚರ್ಯ ಅನ್ನುವ ಹಾಗೆ ಮತ್ತೆ ಹೇಳಿದಳು. "ನಂಗೆ ಹೆದ್ರಿಕೆ ಆತು. ಅವ್ರು ಹೋದ ಮೇಲೆ ನಾನೂ ಹೋದ್ರೆ ಸಾಕು ಅಂತ ದಿನಾ ಅಂದ್ಕಣ್ತಿದ್ದೆ. ಈಗ ಆ ಬಸ್ಸು ಎದ್ರು ಬಂದಾಗ ಬೇಡ ಅನ್ನಿಸ್ತು."

ಅಲ್ಲೇ ರಸ್ತೆಯ ಅಂಚಿನಲ್ಲಿ ಕೂತು ಅವಳು ದೊಡ್ಡ ದನಿ ತೆಗೆದು ಅತ್ತಳು. ನಾನು ಮೀನು ಹೆಕ್ಕುತ್ತಲೇ ಇದ್ದೆ. ಎದ್ದು ಹತ್ತಿರ ಹೋಗಬೇಕಿತ್ತೆಂದು ಈಗ ಅನಿಸುತ್ತದೆ.

ಮೊದಲ ಗೇರಿನಲ್ಲೇ, ಹ್ಯಾಂಡ್‌ಬ್ರೇಕಿನ ಆಧಾರದಲ್ಲಿ, ನಡೆಯುವವರಿಗಿಂತ ಸ್ವಲ್ಪ ಬೇಗ ಅನ್ನುವಷ್ಟು ವೇಗದಲ್ಲಿ ಭಟ್ಕಳ ಮುಟ್ಟಿದೆವು. ಅಣ್ಣ ಹೋಗುತ್ತಿದ್ದ ಗ್ಯಾರೇಜು ಅಲ್ಲಿತ್ತು. ಅದನ್ನು ನಡೆಸುವ ಸಾಯ್ಬರು ಬಾನೆಟ್ಟು ತೆರೆದು ಬ್ರೇಕ್ ಆಯಿಲಿನ ಡಬ್ಬಿ ನೋಡಿದರು. ತಳದಲ್ಲಿ ಒಂದು ಚಮಚದಷ್ಟಿತ್ತು. ಆಮೇಲೆ ಗಾಡಿಯಡಿ ಹೋಗಿ, ಹಿಂದಿನ ಚಕ್ರಗಳ ಕಡೆ ಹೋಗುವ ತೆಳ್ಳಗಿನ ಪೈಪಿನ ತುಂಡೊಂದನ್ನು ಮುರಿದುಕೊಂಡೇ ಬಂದರು. ಪೆಟ್ಟಿಗೆಗಳಿಂದ ದಿನಾ ಸೋರುವ ಮೀನಿನ ನೀರು ಬಿದ್ದು ಬಿದ್ದು ಅದು ತುಕ್ಕು ಹಿಡಿದು ಹಪ್ಪಳದಂತೆ ಪುಡಿಯಾಗುತ್ತಿತ್ತು.

"ಲೈಟ್ ಬಂದಿಲ್ವಾ ಭಾಯ್? ಈ ಗಾಡಿಯಲ್ಲಿ ಹ್ಯಾಂಡ್‌ಬ್ರೇಕಿಗೂ ಆಯಿಲ್ ಕಮ್ಮಿ ಆದದ್ದಕ್ಕೂ ಒಂದೇ ಲೈಟ್. ತಿಂಗಳ ಹಿಂದೆನೇ ಬಂದಿರ್ಬೇಕಲ್ಲ."

"ಬಂದಿತ್ತು. ಬಲ್ಬ್ ತೆಗೆಸಿದೆ" ಅಂದೆ.

ಸಾಯ್ಬರು ಕೈಯಲ್ಲಿದ್ದ ಪೈಪನ್ನು ಕೆಳಗಿಟ್ಟರು. ಬೈಯುತ್ತಾರೆಂದುಕೊಂಡೆ, ಬೈಯಲಿಲ್ಲ. "ನಿಮ್ಮ ಅಣ್ಣ ಇಂಥಾದ್ದು ಮಾಡ್ತಿರ್ಲಿಲ್ಲ" ಅಂದು ಒಳಗೆ ಹೋದರು.

ಅತ್ತಿಗೆ ಹಿಂದೆಯೇ ನಿಂತಿದ್ದಳು. "ದಿನಾ ನಾ ಪಕ್ಕದಲ್ಲಿ ಕೂತಿರ್ತೆ ಅಂತ ಗೊತ್ತಿತ್ತಲ್ಲಾ ನಿಂಗೆ?"

ಗೊತ್ತಿತ್ತು. ಅವಳು ಚೆನ್ನಾಗಿದ್ದ ಪೆಟ್ಟಿಗೆಗಳನ್ನು ರಿಕ್ಷಾಕ್ಕೆ ಹಾಕಿಸಿಕೊಂಡು ಮಾರ್ಕೆಟ್ಟಿಗೆ ಹೋದಳು. ಸಂಜೆ ಬಸ್ಸಿನಲ್ಲಿ ಮನೆಗೆ ಬಂದಳಂತೆ.

ಸಾಯ್ಬರು ಹೊಸ ಪೈಪು ಹಾಕಿ, ಬ್ರೇಕ್ ಪೈಪುಗಳೊಳಗೆ ಸೇರಿದ್ದ ಗಾಳಿ ತೆಗೆದು, ಆಯಿಲ್ ತುಂಬಿದರು. ಜೇಬಿನಲ್ಲಿದ್ದ ಬಲ್ಬನ್ನು ಕೊಟ್ಟೆ. ಅದು ಅಷ್ಟರಲ್ಲಿ ಒಡೆದಿತ್ತು, ಬೇರೆ ಹಾಕಿದರು. ದೀಪ ಹ್ಯಾಂಡ್‌ಬ್ರೇಕ್ ಎಳೆದರೆ ಹತ್ತಿತು, ಬಿಟ್ಟರೆ ಆರಿತು.

ಅತ್ತಿಗೆ ಒಂಬತ್ತು ದಿನ ನನ್ನ ಗಾಡಿ ಹತ್ತಲಿಲ್ಲ. ಮೀನನ್ನು ನಾನು ಮುಟ್ಟಿಸುತ್ತಿದ್ದೆ, ಅವಳು ಬಸ್ಸಿನಲ್ಲಿ ಬಂದು ಮಾತಿಲ್ಲದೆ ಇಳಿಸಿಕೊಳ್ಳುತ್ತಿದ್ದಳು. ಹತ್ತನೆಯ ದಿನ ಬಂದರಿನಲ್ಲಿ ನಾನು ಹಗ್ಗ ಬಿಗಿಯುತ್ತಿದ್ದಾಗ ಬಂದು ಬಾನೆಟ್ಟಿನ ಹತ್ತಿರ ನಿಂತಳು.

"ಬ್ರೇಕಿನ ಎಣ್ಣೆ ಎಲ್ಲಿ ಇರ್ತದೆ, ತೋರ್ಸು."

ತೋರಿಸಿದೆ. ಡಬ್ಬಿಯ ಮೇಲಿನ ಎರಡು ಗೆರೆಗಳನ್ನೂ, ಎಣ್ಣೆ ಅವುಗಳ ನಡುವೆ ಇರಬೇಕೆಂಬುದನ್ನೂ ಹೇಳಿದೆ. ಅವಳು ಸೆರಗಿನಿಂದ ಡಬ್ಬಿ ಒರೆಸಿ, ಬಗ್ಗಿ, ಬಹಳ ಹೊತ್ತು ನೋಡಿದಳು. ಆಮೇಲೆ ಬಾಗಿಲು ತೆಗೆದು ತನ್ನ ಜಾಗದಲ್ಲಿ ಕೂತಳು.

ಅವತ್ತು ದಾರಿಯುದ್ದಕ್ಕೂ ಅವಳು ಅಣ್ಣನ ವಿಷಯ ಮಾತಾಡಿದಳು. ಮದುವೆಯಾದ ಹೊಸದರಲ್ಲಿ ಅವನು ಅವಳಿಗೆ ಸೈಕಲ್ ಕಲಿಸಲು ಹೋಗಿ ಇಬ್ಬರೂ ಬಿದ್ದದ್ದು, ಅವನು ಸಾರಿಗೆ ಹುಳಿ ಸಾಲದೆಂದು ಜಗಳ ತೆಗೆಯುತ್ತಿದ್ದದ್ದು. ನಡುವೆ ಒಂದೆರಡು ಸಲ ನಕ್ಕಳು ಕೂಡ. ನಾನು ರಸ್ತೆ ನೋಡುತ್ತ ಹೂಂ, ಹೂಂ ಅನ್ನುತ್ತಿದ್ದೆ. ಅಷ್ಟು ಮಾತ್ರ ಆಗ ನನ್ನಿಂದ ಆಗುತ್ತಿತ್ತು.