ಮುಕ್ತಿಯಾರನ ಸ್ವಂತ ಕ್ಯಾಸೆಟ್ಟು

ಮುಕ್ತಿಯಾರ್ ತರೀಕೆರೆಯಲ್ಲಿ ಹಾಸಿಗೆ ಹೊಲಿಯುವವನು. ಮದುವೆ ಕಾಲ ಬಂತೆಂದರೆ ಸೂಜಿ ಎತ್ತಿಟ್ಟು ನಮ್ಮ ಬ್ಯಾಂಡ್ ಸೆಟ್ಟಿನ ಹಾಡುಗಾರನಾಗುತ್ತಿದ್ದ. ಕೆಂಪು ಕೋಟು, ಕೈಯಲ್ಲಿ ಮೈಕು. ಹೆಂಗಸರೆಲ್ಲ ಮದುಮಗನನ್ನು ಬಿಟ್ಟು ತನ್ನನ್ನೇ ನೋಡುತ್ತಾರೆ ಎಂದು ಅವನ ನಂಬಿಕೆ. ಆ ನಂಬಿಕೆ ಕೆಡಿಸಲು ನಾವ್ಯಾರೂ ಹೋಗಲಿಲ್ಲ.

ಮೆರವಣಿಗೆಯಲ್ಲಿ ಹಾಡುವವನು ಮದುಮಗನಿಗೆ ಬೆನ್ನು ತೋರಿಸುವಂತಿಲ್ಲ. ಮುಖ ಮದುಮಗನ ಕಾರಿನ ಕಡೆ, ನಡಿಗೆ ಹಿಂದಕ್ಕೆ. ಅಜ್ಜಂಪುರದ ಒಂದು ಮದುವೆಯಲ್ಲಿ ಹೀಗೇ ಹಿಂದಕ್ಕೆ ಹೋಗುತ್ತಾ ಚರಂಡಿಗೆ ಬಿದ್ದ. ಬಿದ್ದಲ್ಲೇ ನಿಂತು ಚರಣ ಪೂರ್ತಿ ಮುಗಿಸಿದ, ಅದು ಬೇರೆ ಮಾತು. ಅಂದಿನಿಂದ ಅವನನ್ನು ಹಿಡಿದು ನಡೆಸುವ ಕೆಲಸ ನನ್ನ ತಲೆಗೆ ಬಂತು. ಬಲಗೈಯಲ್ಲಿ ತಾಳದ ಗಿಲಕಿ ಆಡಿಸುತ್ತಾ, ಎಡಗೈಯಲ್ಲಿ ಅವನ ಕೋಟಿನ ಬೆನ್ನು ಹಿಡಿದುಕೊಂಡು, ಗುಂಡಿ, ಸಗಣಿ, ಪಟಾಕಿ ತಪ್ಪಿಸುತ್ತಾ ಹದಿನಾಲ್ಕು ವರ್ಷ ನಡೆದೆ.

ಎಂಬತ್ತೈದನೇ ಇಸವಿಯಲ್ಲಿ ಅವನಿಗೆ ಸ್ವಂತ ಕ್ಯಾಸೆಟ್ಟಿನ ಹುಚ್ಚು ಹಿಡಿಯಿತು. ತಾನೇ ಕಟ್ಟಿದ ಆರು ಹಾಡು, ಜೊತೆಗೊಂದು ಹಾರ್ಮೋನಿಯಂ, ಅಷ್ಟೇ.

“ಬ್ಯಾಂಡಿನ ಗಲಾಟೇಲಿ ನನ್ ದನಿ ಯಾರ್ಗೂ ಕೇಳ್ಸಿಲ್ಲ ಕಣೋ ಷಣ್ಮುಖಪ್ಪ. ಒಂದ್ಸಲ ನಾನೊಬ್ನೇ ಹಾಡಿದ್ದು ಜನ ಕೇಳ್ಬೇಕು,” ಅಂದ.

ಹಾಗಾದರೆ ನಾವೆಲ್ಲ ಗಲಾಟೆಯೋ? ನನಗೆ ಮೈಯೆಲ್ಲ ಉರಿಯಿತು. ಅವನು ಶಿವಮೊಗ್ಗದ ರೆಕಾರ್ಡಿಂಗ್ ಕೋಣೆಗೆ ಹೊರಟ ದಿನ ಬಸ್ ಸ್ಟ್ಯಾಂಡಿನ ಕಡೆ ತಲೆಯನ್ನೂ ಹಾಕಲಿಲ್ಲ.

ಸಂಜೆಗೆ ಮುಖ ಸಣ್ಣದು ಮಾಡಿಕೊಂಡು ನೇರ ನಮ್ಮ ಮನೆಗೇ ಬಂದ. ಅಲ್ಲಿ ಹೊರಗಿನ ಸದ್ದು ಬಾರದಂತೆ ಗೋಡೆಗೆಲ್ಲ ಹಾಸಿಗೆ ಕಟ್ಟಿದ್ದರಂತೆ, ಹೊಲಿಗೆ ತೀರಾ ಸಡಿಲವಂತೆ. ಮೊದಲು ಅದನ್ನು ಬೈದ. ಆಮೇಲೆ ವಿಷಯಕ್ಕೆ ಬಂದ. ಹಾಡು ಶುರುವಾದರೆ ಕಾಲು ತಾನಾಗಿ ಹಿಂದಕ್ಕೆ ಹೋಗುತ್ತದೆ, ಮೈಕು ದೂರವಾಗುತ್ತದೆ. ಹಟ ಮಾಡಿ ನಿಂತರೆ ದನಿಯೇ ಏಳುವುದಿಲ್ಲ. ನಾಳೆ ಒಂದು ದಿನ ನೋಡೋಣ, ಆಗದಿದ್ದರೆ ಕೈಬಿಡಿ ಎಂದು ರೆಕಾರ್ಡಿಂಗ್‌ನವರು ಹೇಳಿ ಕಳಿಸಿದ್ದರು.

“ಬೆನ್ ಹಿಡ್ಕಳಕ್ಕೆ ನೀನ್ ಬಾರೋ,” ಅಂದ.

ಮುಖ ಬಿಗಿದುಕೊಂಡೇ ಒಪ್ಪಿಕೊಂಡೆ. ಮಾರನೇ ದಿನ ಗಿಲಕಿಯನ್ನೂ ಚೀಲಕ್ಕೆ ಹಾಕಿಕೊಂಡು ಹೋದರೆ, ಮುಕ್ತಿಯಾರ್ ಬಾಗಿಲಲ್ಲೇ ತಡೆದ. “ಅದನ್ನ ಹೊರಗಿಡು. ಇದು ಒಬ್ಬನ ಹಾಡು.” ಇವನ ಉಸಾಬರಿಯೇ ಬೇಡ, ಮುಂದಿನ ಬಸ್ಸಿಗೆ ಊರಿಗೆ ಹೋಗಿಬಿಡೋಣ ಅನ್ನಿಸಿತು. ಆದರೆ ಅವನು ತಾನೇ ಕಟ್ಟಿದ ಹಾಡಿನ ಚೀಟಿಯನ್ನು ತಲೆಕೆಳಗಾಗಿ ಹಿಡಿದಿದ್ದ. ಸಾವಿರ ಜನರ ಮುಂದೆ ಚೀಟಿಯಿಲ್ಲದೆ ಹಾಡಿದವನು. ನೋಡಲಾಗಲಿಲ್ಲ. ಗಿಲಕಿ ಹೊರಗಿಟ್ಟು, ಒಳಗೆ ಹೋಗಿ, ಅವನ ಅಂಗಿಯ ಬೆನ್ನು ಹಿಡಿದು ನಿಂತೆ.

ಕಾಲು ನಿಂತಿತು. ದನಿ ಎದ್ದಿತು.

ಅವನ ತಾಯಿ ಖತೀಜಾಬಿ ಹತ್ತಿ ಹಿಂಜುತ್ತಾ ಗುನುಗುತ್ತಿದ್ದುದರ ಮೇಲೆ ಕಟ್ಟಿದ ಹಾಡು ಅದು. ಕೋಣೆಯಲ್ಲಿ ಗುಂಡಿ ಇರಲಿಲ್ಲ, ಸಗಣಿ ಇರಲಿಲ್ಲ. ಎಡಗೈಯಲ್ಲಿ ಅಂಗಿ ಹಿಡಿಯುವುದು ಬಿಟ್ಟರೆ ನನಗೆ ಬೇರೆ ಕೆಲಸವೇ ಇರಲಿಲ್ಲ. ಹದಿನಾಲ್ಕು ವರ್ಷ ನನ್ನ ಕಣ್ಣು, ಕಿವಿ ಎಲ್ಲ ರಸ್ತೆಯ ಮೇಲೇ ಇದ್ದವು. ಅವನ ಹಾಡು ಕೇಳಿದ್ದು ಅವತ್ತೇ ಮೊದಲು. ಇಂಥ ದನಿ ನನ್ನ ಕೈಯಳತೆಯಲ್ಲೇ ಇತ್ತೇ?

ಹಾಡು ಮುಗಿಯಿತು. ಸರಿಯಾಗಿ ಬಂತು ಎಂದು ರೆಕಾರ್ಡಿಂಗ್‌ನವರು ಕೈಸನ್ನೆ ಮಾಡಿದರು. ಮುಕ್ತಿಯಾರ್ ತಿರುಗಿ, “ಹೆಂಗ್ ಬಂತೋ?” ಅಂದ.

“ಇನ್ನೊಂದ್ಸಲ ಹಾಡು,” ಅಂದೆ.

“ಬೇಡ ಬಿಡಿ, ಟೇಪಿನಲ್ಲಿ ಚೆನ್ನಾಗೇ ಬಂದಿದೆ,” ಅಂದರು ಅವರು.

“ಟೇಪಿಗಲ್ಲ ಕಣ್ರೀ,” ಅಂದೆ. “ನಂಗೆ.”