ಸಿಸ್ಟರ್ ಕಾದ ಬಲಗಾಲು

ದೇಗು ಊರಿನ ಆಸ್ಪತ್ರೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಹೃದಯದ ವಾರ್ಡು ನೋಡಿಕೊಳ್ಳುವ ಪ್ಯೋ ಗುಮೋಕ್ ಸಿಸ್ಟರ್‌ಗೆ ರೋಗಿಗಳ ಮುಖ ಮರೆತರೂ ತೊಡೆಸಂದಿ ಮರೆಯುವುದಿಲ್ಲ ಎಂದು ಅಲ್ಲಿಯವರ ತಮಾಷೆ. ತೊಡೆಸಂದಿಯ ರಕ್ತನಾಳದಲ್ಲಿ ತೆಳು ನಳಿಕೆ ತೂರಿಸಿ ಹೃದಯ ಪರೀಕ್ಷೆ ಮಾಡಿಸಿಕೊಂಡು ಬಂದವರನ್ನೆಲ್ಲ ಅವರೇ ಮಲಗಿಸಬೇಕು: ಅಂಗಾತ, ಕಾಲು ನೆಟ್ಟಗೆ, ತೂತಿನ ಮೇಲೆ ಮರಳಿನ ಚೀಲ. ಆರು ಗಂಟೆ.

ಅವತ್ತು ಹಾಗೆ ಮಲಗಬೇಕಾದ, ಟೈಲ್ಸ್ ಮಾರುವ ಕ್ವಾಕ್ ಜುನ್‌ಸಪ್‌ಗೆ ಮೂವತ್ತನಾಲ್ಕು. ತನಗೂ ಒಂದು ಹೃದಯವಿದೆ ಎಂದು ಅದು ಹಿಡಿದುಕೊಂಡ ದಿನವೇ ಗೊತ್ತಾದ ಆಸಾಮಿ.

"ಬರೀ ಮಲಗೋದಾ? ನಂಗೆ ಚೆನ್ನಾಗಿ ಬರೋದು ಅದೊಂದೇ ಸಿಸ್ಟರ್," ಅಂದ.

"ಎಲ್ರೂ ಹಿಂಗೇ ಅಂತಾರೆ. ತಲೆ ಎತ್ಬೇಡಿ, ಮಂಡಿ ಮಡಚ್ಬೇಡಿ. ಕೆಮ್ಮು ಬಂದ್ರೆ ಇಲ್ಲಿ ಒತ್ತಿಕೊಂಡು ಕೆಮ್ಮಿ," ಎಂದು ಅವನ ಕೈಯನ್ನೇ ತೊಡೆಸಂದಿಯ ಪಟ್ಟಿಯ ಮೇಲಿಟ್ಟು ತೋರಿಸಿದರು. ಬೆನ್ನು ನೋವೆಂದಾಗ ಸೊಂಟದಡಿ ಟವೆಲ್ ಮಡಚಿಟ್ಟರು.

ನಾಲ್ಕನೇ ಗಂಟೆಗೆ ಹಣ್ಣಿನ ರಸದ ಪೆಟ್ಟಿಗೆ ಹಿಡಿದು ಒಳಬಂದವರು ಅವನ ಮ್ಯಾನೇಜರ್ ನಮ್ಗುಂಗ್. ಹತ್ತು ವರ್ಷದಿಂದ ಆ ಮುಖ ಕಂಡೊಡನೆ ಎದ್ದು ನಡು ಬಗ್ಗಿಸಿ ಪಳಗಿದ ಮೈ, ಯಾರನ್ನೂ ಕೇಳಲಿಲ್ಲ. "ಸಾರ್!" ಎನ್ನುತ್ತ ಜುನ್‌ಸಪ್ ಮಂಡಿ ಮಡಚಿ ಅರ್ಧ ಎದ್ದೇಬಿಟ್ಟ. ಮರಳಿನ ಚೀಲ ದೊಪ್ಪನೆ ನೆಲಕ್ಕೆ. ಬಲತೊಡೆಯಡಿ ಬಿಸಿಯಾಗಿ ಏನೋ ಹರಿಯಿತು.

ಪಕ್ಕದ ಮಂಚದ ಬಳಿಯಿದ್ದ ಸಿಸ್ಟರ್ ಎರಡೇ ಹೆಜ್ಜೆಗೆ ಬಂದು ಅವನನ್ನು ಹಾಸಿಗೆಗೆ ಒರಗಿಸಿ, ತೂತಿಗಿಂತ ಚೂರು ಮೇಲೆ ಮೂರು ಬೆರಳು ಊರಿ ಮೈಭಾರವೆಲ್ಲ ಹಾಕಿದರು. ಡಾಕ್ಟರನ್ನು ಕರೆಯುವ ಗಂಟೆಯನ್ನು ಮೊಣಕೈಯಲ್ಲೇ ಒತ್ತಿದರು.

"ಸಾರ್, ಜ್ಯೂಸ್ ಕೆಳಗಿಡಿ. ಇವ್ರ ಮಂಡಿ ಒತ್ತಿ ಹಿಡೀರಿ."

"ನಾನಾ? ನಾನು ಇವನ ಮ್ಯಾನೇಜರು..."

"ಅದಕ್ಕೇ ಹೇಳಿದ್ದು. ನೀವು ಹಿಡಿದ್ರೆ ಅಲ್ಲಾಡಲ್ಲ."

ಮ್ಯಾನೇಜರ್ ಬಗ್ಗಿ ಕಾಲು ಹಿಡಿದರು. ರಕ್ತ ಹೋಗುವುದಕ್ಕಿಂತ ಜುನ್‌ಸಪ್‌ಗೆ ಇದೇ ದಿಗಿಲು. "ಕ್ಷಮಿಸಿ ಸಾರ್, ನನ್ನಿಂದ ನಿಮಗೆ..."

"ಸುಮ್ನೆ ಬಿದ್ಕೊಳ್ಳಯ್ಯ! ನಿನ್ನ ಮರ್ಯಾದೆಗಿಷ್ಟು ಬೆಂಕಿ ಹಾಕ!"

ಡಾಕ್ಟರ್ ಓಡಿ ಬಂದು ನೋಡಿ, ಹಾಗೇ ಒತ್ತಿರಿ ಎಂದರು. ಇಪ್ಪತ್ತು ನಿಮಿಷ. ಮಲಗಿದಲ್ಲಿಂದ ಅವನಿಗೆ ಕಾಣುತ್ತಿದ್ದದ್ದು ಸಿಸ್ಟರ್ ಗದ್ದದಿಂದ ತೊಟ್ಟಿಕ್ಕುವ ಬೆವರು, ಒಂದಿಷ್ಟೂ ಅಲುಗದ ಭುಜ. ತಾನು ಯಾವ ಕೆಲಸಕ್ಕೂ ಇಪ್ಪತ್ತು ನಿಮಿಷ ಹೀಗೆ ಮೈಕೊಟ್ಟವನಲ್ಲ ಎಂದು ನಾಚಿಕೆಯಾಯಿತು.

ಕೊನೆಗೆ ಸಿಸ್ಟರ್ ಬೆರಳನ್ನು ಮೆಲ್ಲಗೆ ಸಡಿಲಿಸಿದರು. ರಕ್ತ ನಿಂತಿತ್ತು. ಪಾದದ ಮೇಲೆ ನಾಡಿ ಹುಡುಕಿದರು, ಸಿಕ್ಕಿತು.

"ಮೊದಲಿಂದ ಆರು ಗಂಟೆ ಕ್ವಾಕ್ ಅವ್ರೇ. ಸಾರ್, ನೀವಿನ್ನು ಹೊರಡಿ. ಹೋಗಿ ಬರ್ತೀನಿ ಅನ್ನೋದೂ ಬೇಡ."

ಮ್ಯಾನೇಜರ್ ಗೋಡೆ ಸವರಿಕೊಂಡು ಸದ್ದಿಲ್ಲದೆ ಬಾಗಿಲು ದಾಟಿದರು. ಜುನ್‌ಸಪ್‌ನ ಕತ್ತು ಆಗಲೂ ವಂದಿಸಲು ಜಗ್ಗಿತು. ಏಳಲಾಗಲಿಲ್ಲ, ಸಿಸ್ಟರ್ ಅಂಗೈ ಆಗಲೇ ಅವನ ಹಣೆಯ ಮೇಲಿತ್ತು.